ಹುಟ್ಟಿದ್ದು ಹುಬ್ಬಳ್ಳಿ, ಊರು ಮುದಗಲ್ಲು

ವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ತುಂಬೋವಾಗ ಎಂ.ಬಿ.ಬಿ.ಎಸ್. ಅಂಕಪಟ್ಟಿ, ವೈದ್ಯಕೀಯ ಮಂಡಳಿಯ ನೋಂದಣಿ ಎಲ್ಲ ಕೈಯಲ್ಲಿತ್ತು. ಸಿಕ್ಕಿಬಿದ್ದದ್ದು 371(ಜೆ) ಪ್ರಮಾಣಪತ್ರದಲ್ಲಿ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರು ಅಂತ ಕೊಡುವ ಪತ್ರದಲ್ಲಿ. ಈ ಭಾಗದ ಸ್ಥಳೀಯ ವೃಂದದಲ್ಲಿ, ಅಂದರೆ ಇಲ್ಲಿಗೇ ಮೀಸಲಾದ ಹುದ್ದೆಗಳ ಗುಂಪಿನಲ್ಲಿ, ವೈದ್ಯಾಧಿಕಾರಿಯಂಥ ಗ್ರೂಪ್ 'ಎ' ಹುದ್ದೆಗಳ ಶೇ. 75 ನಮ್ಮವರಿಗೆ ಮೀಸಲು. ಅದನ್ನು ಬಿಟ್ಟುಕೊಡೋದು ಹೇಗೆ?

ನಮ್ಮೂರು ರಾಯಚೂರು ಜಿಲ್ಲೆಯ ಮುದಗಲ್ಲು. ಆದರೆ ಅವ್ವನ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಜ್ಜಿಯ ಹಟ, ಹೀಗಾಗಿ ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಜನನ ಪತ್ರ ನೋಡಿದ ಗುಮಾಸ್ತರು "ನೀವು ಧಾರವಾಡ ಜಿಲ್ಲೆಯವರು" ಅಂದುಬಿಟ್ಟರು. ವಾಸಸ್ಥಳ ಪತ್ರ ತೋರಿಸಿದೆ, ಅದು ಬೇರೆ, ಇದು ಬೇರೆ ಅಂದರು. ಆ ಮಾತು ಮಾತ್ರ ಸರಿ.

ಮನೆಗೆ ಬಂದು ನಿಯಮ ಓದಿದೆ. ಹುಟ್ಟು ಒಂದೇ ದಾರಿಯಲ್ಲ. 2013ರ ಜನವರಿ 1ಕ್ಕೆ ಮುಂಚೆ ಕನಿಷ್ಠ 10 ವರ್ಷ ಈ ಭಾಗದಲ್ಲಿ ವಾಸವಿದ್ದರೂ ನಡೀತದೆ, ಸ್ಥಳೀಯ ತಂದೆ-ತಾಯಿಯ ಮಕ್ಕಳಾದರೂ ನಡೀತದೆ. ಅಪ್ಪ ಹುಟ್ಟಿದ್ದು, ಓದಿದ್ದು, ಹೊಲ ಮಾಡಿದ್ದು ಎಲ್ಲ ಮುದಗಲ್ಲೇ. ಅವರ ಶಾಲೆಯ ವರ್ಗಾವಣೆ ಪತ್ರ ಟ್ರಂಕಿನ ತಳದಲ್ಲಿ, ಮಡಿಕೆಯಲ್ಲಿ ಹರಿದು ಕೂತಿತ್ತು. ಅದು, ಹಳೆಯ ಪಹಣಿ, ನನ್ನ 1ರಿಂದ 10ನೇ ತರಗತಿಯ ವ್ಯಾಸಂಗ ಪತ್ರ ಜೋಡಿಸಿ, ಅಪ್ಪನ ಆಧಾರದ ಮೇಲೆ ಹೊಸ ಅರ್ಜಿ ಹಾಕಿದೆ.

ಪತ್ರಕ್ಕೆ ಸಹಿ ಹಾಕೋದು ಉಪವಿಭಾಗದ ಸಹಾಯಕ ಆಯುಕ್ತರು, ತಹಶೀಲ್ದಾರರಲ್ಲ. ಲಿಂಗಸುಗೂರಿಗೆ ಮೂರು ಸಲ ಬಸ್ ಹತ್ತಿದೆ. ಕೊನೆಯ ದಿನಕ್ಕೆ ನಾಲ್ಕು ದಿನ ಇರುವಾಗ ಪತ್ರ ಕೈಗೆ ಬಂತು. ಅಜ್ಜಿಗೆ ಇನ್ನೂ ಈ ಕಥೆ ಹೇಳಿಲ್ಲ.