ಕೈದಿಗೆ ಕೊಟ್ಟ ಮಾತು: ಅಲೈನ್‌ಮೆಂಟ್ ಜೊತೆ ನನ್ನ ಅನುಭವ

ನಮ್ಮ ಆಟ ಆರನೇ ಸೆಷನ್ನಿಗೇ ನಿಂತುಹೋಗುವುದರಲ್ಲಿತ್ತು. ಕಾರಣ, ಸೆರೆ ಸಿಕ್ಕ ಒಂದು ಗಾಬ್ಲಿನ್, ಅಂದರೆ ಆಟದೊಳಗಿನ ಒಂದು ಪುಟ್ಟ ದುಷ್ಟ ಜೀವಿ.

ನಾನು ಡಿಎಂ, ಅಂದರೆ ಕಥೆ ನಡೆಸುವ ಕೆಲಸ ನನ್ನದು. ಒಬ್ಬೊಬ್ಬರು ಒಂದೊಂದು ಕ್ಯಾರೆಕ್ಟರ್ ಆಗಿ ಕೂತು ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ ಆಡಿಸುತ್ತಿದ್ದೆ. ಆಟಗಾರರು ನಾಲ್ಕು ಜನ. ಧ್ರುವ ಅನ್ನೋ ಪ್ಯಾಲಡಿನ್ (ಪಣ ತೊಟ್ಟ ಯೋಧ), ಲಾಫುಲ್ ಗುಡ್ (ನಿಯಮಕ್ಕೆ ನಿಲ್ಲುವ ಒಳ್ಳೆಯವನು). ಮಿಂಚು ಅನ್ನೋ ರೋಗ್ (ಕಳ್ಳಿ), ಕೆಯಾಟಿಕ್ ನ್ಯೂಟ್ರಲ್ (ಯಾವ ನಿಯಮಕ್ಕೂ ಕಟ್ಟುಬೀಳದವಳು, ಒಳ್ಳೆಯವಳೂ ಅಲ್ಲ, ಕೆಟ್ಟವಳೂ ಅಲ್ಲ). ಜೊತೆಗೆ ಒಬ್ಬ ಕ್ಲೆರಿಕ್ (ಪೂಜಾರಿ), ಒಬ್ಬ ವಿಝರ್ಡ್ (ಮಂತ್ರವಾದಿ). ಲಾಫುಲ್ ಗುಡ್‌ನಂಥ, ಕ್ಯಾರೆಕ್ಟರಿನ ನೀತಿ ಹೇಳುವ ಈ ಗುರುತಿಗೇ ಅಲೈನ್‌ಮೆಂಟ್ ಅಂತ ಹೆಸರು.

ಧ್ರುವ ಗಾಬ್ಲಿನ್‌ಗೆ ಮಾತು ಕೊಟ್ಟ: "ಗುಹೆಯ ದಾರಿ ಹೇಳು, ಬೆಳಗ್ಗೆ ನಿನ್ನ ಬಿಟ್ಟುಬಿಡ್ತೀವಿ." ಅದು ಹೇಳಿತು. ರಾತ್ರಿ ಮೂರನೇ ಕಾವಲು ಮಿಂಚುವಿನದು. ಅವಳನ್ನು ಆಡಿಸುತ್ತಿದ್ದವಳು ತಲೆ ಎತ್ತದೆ, "ನಾನು ಅದರ ಕತ್ತು ಕುಯ್ತೀನಿ" ಅಂದಳು. ಕೈಕಾಲು ಕಟ್ಟಿಹಾಕಿದ್ದರಿಂದ ಡೈಸ್ ಹಾಕುವ ಅಗತ್ಯವೂ ಬೀಳಲಿಲ್ಲ. ನಾನೂ ಸುಮ್ನೆ ಆಗಲಿ ಅಂದುಬಿಟ್ಟೆ.

ಬೆಳಗಾದಾಗ ಧ್ರುವನ ಆಟಗಾರ ಪೆನ್ಸಿಲ್ ಕೆಳಗಿಟ್ಟ. "ನನ್ನ ಕ್ಯಾರೆಕ್ಟರ್ ಲಾಫುಲ್ ಗುಡ್. ಇವಳ ಜೊತೆ ಇನ್ನು ಒಂದು ಹೆಜ್ಜೆನೂ ಇಡಲ್ಲ." ಮಿಂಚುವಿನ ಆಟಗಾರ್ತಿ ತನ್ನ ಕ್ಯಾರೆಕ್ಟರಿನ ವಿವರ ಬರೆದ ಹಾಳೆ ತಿರುಗಿಸಿ ತೋರಿಸಿದಳು. "ನಾನು ಕೆಯಾಟಿಕ್. ನನ್ನ ಕ್ಯಾರೆಕ್ಟರ್ ಮಾಡೋದೇ ಹೀಗೆ." ಅಲ್ಲಿಗೆ ಮಾತು ಮುಗಿಯಿತು. ಯಾಕೆ ಕೊಂದೆ ಅಂತ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನಗೆ ನೋವಾಗಿದ್ದು ಇದಕ್ಕೇ. ಎರಡು ಕ್ಯಾರೆಕ್ಟರ್‌ಗಳ ನಡುವೆ ಆಗಬೇಕಿದ್ದ ಒಳ್ಳೆಯ ಜಗಳವನ್ನು ಹಾಳೆ ಮೇಲಿನ ಎರಡು ಪದ ನುಂಗಿಹಾಕಿದ್ದವು.

ಆ ವಾರ ಹಳೇ ನಿಯಮಗಳನ್ನು ತೆಗೆದು ನೋಡಿದೆ. 1974ರ ಮೊದಲ ಆಟದಲ್ಲಿ ಇದ್ದದ್ದು ಮೂರೇ: ಲಾ, ನ್ಯೂಟ್ರಾಲಿಟಿ, ಕೆಯಾಸ್. ಅದು ಗುಣದ ಮಾತಿಗಿಂತ ಪಕ್ಷದ ಮಾತು. ದೊಡ್ಡ ಕಾಳಗವಾದರೆ ನೀನು ಯಾರ ಕಡೆ ಅನ್ನೋದು. ಗುಡ್, ಈವಿಲ್ ಆಮೇಲೆ ಸೇರಿ, 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಒಂಬತ್ತು ಮನೆಗಳ ಚೌಕ ಬಂತು. ಆಗ ಒಂದೇ ಅಲೈನ್‌ಮೆಂಟಿನವರಿಗೆ ತಮ್ಮದೇ ಒಂದು ಗುಟ್ಟಿನ ಭಾಷೆ ಕೂಡ ಇರುತ್ತಿತ್ತು! 2000ದ ಮೂರನೇ ಆವೃತ್ತಿಯಲ್ಲಿ, ಈವಿಲ್ ಅಂತ ಗೊತ್ತಿದ್ದೂ ಅವರ ಜೊತೆ ಸೇರುವ ಹಾಗಿಲ್ಲ ಅಂತ ಪ್ಯಾಲಡಿನ್‌ಗೆ ನಿಯಮವೇ ಇತ್ತು. ಅಂದರೆ ಅಲೈನ್‌ಮೆಂಟ್ ಶುರುವಿನಿಂದಲೂ ಒಬ್ಬರೊಳಗಿನ ವಿಷಯ ಆಗಿರಲಿಲ್ಲ. ಯಾರು ಯಾರ ಜೊತೆ ನಡೀತಾರೆ ಅನ್ನೋದೇ ಅದರ ಕೆಲಸ.

ನಾವು ಆಡುತ್ತಿದ್ದ 2014ರ ಐದನೇ ಆವೃತ್ತಿಯಲ್ಲಿ ಇದೆಲ್ಲ ಸಡಿಲವಾಗಿದೆ. ಪ್ಯಾಲಡಿನ್ ಅಲೈನ್‌ಮೆಂಟಿಗಲ್ಲ, ತಾನು ತೊಟ್ಟ ಪಣಕ್ಕೆ ಬದ್ಧ. ಡಿಟೆಕ್ಟ್ ಈವಿಲ್ ಅಂಡ್ ಗುಡ್ ಮಂತ್ರ ಹಾಕಿದರೂ ಪಿಶಾಚಿ, ದೇವದೂತ, ಸತ್ತೂ ಓಡಾಡುವಂಥವು ಸಿಗುತ್ತವೆ. ಪಕ್ಕದಲ್ಲಿ ಕೂತ ಮನುಷ್ಯ ಕೆಟ್ಟವನಾ ಅಂತ ತಿಳಿಯಲ್ಲ. ಧ್ರುವ ಗುಂಪು ಬಿಡಲೇಬೇಕು ಅಂತ ಯಾವ ನಿಯಮವೂ ಹೇಳುತ್ತಿರಲಿಲ್ಲ.

ಕಂಪ್ಯೂಟರ್ ಆಟಗಳೂ ನೆನಪಾದವು. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ನಿಮಗೆ ತೀರಾ ಒಳ್ಳೇ ಹೆಸರು ಬಂದರೆ ಈವಿಲ್ ಜೊತೆಗಾರರು ಗೊಣಗಿ ಗೊಣಗಿ ಕೊನೆಗೆ ಬಿಟ್ಟೇ ಹೋಗುತ್ತಾರೆ. 2023ರ ಮೂರನೇ ಭಾಗದಲ್ಲಿ ಅಲೈನ್‌ಮೆಂಟೇ ಇಲ್ಲ. ನೀವು ಮಾಡಿದ ಒಂದೊಂದು ಕೆಲಸವನ್ನೂ ಜೊತೆಗಾರರು ಒಬ್ಬೊಬ್ಬರೂ ಬೇರೆ ಬೇರೆ ತೂಗುತ್ತಾರೆ. ಅದೇ ವರ್ಷ, ನಮ್ಮದರ ಹಾಗೇ ಕೂತು ಆಡುವ ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟ ಕೂಡ ಅಲೈನ್‌ಮೆಂಟ್ ಕೈಬಿಟ್ಟು, ನೀನು ಮಾಡಲೇಬೇಕಾದದ್ದೇನು, ಯಾವತ್ತೂ ಮಾಡಬಾರದ್ದೇನು ಅಂತ ಬರೆಸತೊಡಗಿತು.

ನಾನು ಹಿಡಿದುಕೊಂಡಿದ್ದು ಈ ಎಳೆಯನ್ನೇ. ಏಳನೇ ಸೆಷನ್ನಿನಲ್ಲಿ ಡೈಸ್ ಮುಟ್ಟುವ ಮೊದಲು ಎಲ್ಲರಿಗೂ ಖಾಲಿ ಚೀಟಿ ಕೊಟ್ಟೆ. ಉಳಿದ ಮೂವರಲ್ಲಿ ಒಬ್ಬೊಬ್ಬರ ಬಗ್ಗೆಯೂ ಎರಡು ಸಾಲು ಬರೀಬೇಕು. ಇವರಿಂದ ನಿನಗೆ ಏನು ಬೇಕು? ಇವರು ಏನು ಮಾಡಿದರೆ ನೀನು ಕ್ಷಮಿಸಲ್ಲ? ಲಾಫುಲ್, ಕೆಯಾಟಿಕ್ ಅನ್ನೋ ಪದ ಬಳಸುವ ಹಾಗಿಲ್ಲ. ಬರೆದದ್ದನ್ನು ಎಲ್ಲರ ಮುಂದೆ ಓದಬೇಕು.

ಧ್ರುವ ಮಿಂಚು ಬಗ್ಗೆ ಬರೆದಿದ್ದ: "ಅವಳು ತನ್ನ ಮಾತು ಮುರಿದರೆ ಪರವಾಗಿಲ್ಲ, ಅವಳು ಅಂಥವಳೇ. ಆದರೆ ನಾನು ಕೊಟ್ಟ ಮಾತನ್ನ ಅವಳು ಮುರಿದರೆ ಕ್ಷಮಿಸಲ್ಲ."

ಮಿಂಚು ಬರೆದಿದ್ದಳು: "ಅವನು ಕಾವಲಿದ್ದರೆ ಮಾತ್ರ ನನಗೆ ನಿದ್ದೆ ಬರುತ್ತೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಧ್ರುವನೇ, ಆಟದೊಳಗಿನ ದನಿಯಲ್ಲೇ ಕೇಳಿದ: "ಹಾಗಾದ್ರೆ ಅದನ್ನ ಯಾಕೆ ಕೊಂದೆ?" ಅವಳು ಹೇಳಿದಳು: "ನೀನು ಬಿಟ್ಟಿದ್ದರೆ ಅದು ಹೋಗಿ ಹತ್ತು ಜನರನ್ನ ಕರ್ಕೊಂಡು ಬರ್ತಿತ್ತು. ನೀನು ರಾತ್ರಿ ಕವಚ ಬಿಚ್ಚಿ ಮಲಗ್ತೀಯ." ಕೊಂದದ್ದು ಅವನಿಗೋಸ್ಕರ! ಅದು ಅವಳ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಅವತ್ತಿನಿಂದ ನನಗೆ ಒಂದು ಸ್ಪಷ್ಟವಾಯಿತು. ಲಾಫುಲ್ ಮತ್ತು ಕೆಯಾಟಿಕ್ ನಡುವಿನ ಜಗಳ ಹೆಚ್ಚಾಗಿ ಕೊಟ್ಟ ಮಾತಿನ ಬಗ್ಗೆ ಇರುತ್ತದೆ. ಅದು ಎಷ್ಟು ಜಾಸ್ತಿ ಇದ್ದರೂ ಆಟಕ್ಕೆ ಒಳ್ಳೇದೇ. ಮಾತಿಗೆ ತಪ್ಪದವನನ್ನು ನಂಬಿಕೊಂಡೇ ಮಾತಿಗೆ ನಿಲ್ಲದವಳು ಬದುಕುತ್ತಾಳೆ, ಅಲ್ವಾ? ಗುಡ್ ಮತ್ತು ಈವಿಲ್ ಜಗಳ ಬೇರೆ. ಅಲ್ಲಿ ಯಾರೋ ಮೂರನೆಯವರು ಏಟು ತಿಂದಿರುತ್ತಾರೆ, ಆಟಗಾರರ ಮನಸ್ಸಿಗೂ ತಾಗುತ್ತದೆ. ಅದಕ್ಕೇ ಅದನ್ನು ಈಗ ಸೆಷನ್ ಝೀರೋದಲ್ಲೇ, ಅಂದರೆ ಆಟ ಶುರುವಾಗುವ ಮೊದಲಿನ ಮಾತುಕತೆಯಲ್ಲೇ, ಮಾತಾಡಿ ಮುಗಿಸುತ್ತೇನೆ. ಈವಿಲ್ ಕ್ಯಾರೆಕ್ಟರ್ ಬೇಕೆಂದರೆ ಗುಂಪಿನಲ್ಲಿ ಒಬ್ಬರ ಮೇಲಾದರೂ ಅವರಿಗೆ ನಿಜವಾದ ಅಕ್ಕರೆ ಇರಬೇಕು. ಇಲ್ಲದಿದ್ದರೆ ನಾನು ಒಪ್ಪಲ್ಲ.

ನ್ಯೂಟ್ರಲ್ ಬಗ್ಗೆ ಹೇಳುವುದು ಕಡಿಮೆ. ನಮ್ಮ ವಿಝರ್ಡ್ ಯಾವ ಪಕ್ಷವನ್ನೂ ಹಿಡಿಯದ ಕಾರಣ ಇಬ್ಬರೂ ಬಂದು ದೂರು ಹೇಳಿಕೊಳ್ಳೋದು ಅವನ ಹತ್ತಿರವೇ. ಅವನಿಗೆ ಅದು ಇಷ್ಟವಾಗಿತ್ತು.

ಇನ್ನೊಂದು ಅಭ್ಯಾಸವನ್ನೂ ಬೆಳೆಸಿಕೊಂಡೆ. ಯಾರಾದರೂ "ನನ್ನ ಕ್ಯಾರೆಕ್ಟರ್ ಮಾಡೋದೇ ಹೀಗೆ" ಅಂದರೆ ತಡೆಯಲ್ಲ, ಬೈಯಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: "ಬೆಳಗ್ಗೆ ಅವನು ಎದ್ದಾಗ ಏನು ನೋಡಲಿ ಅಂತ ನಿನಗಿದೆ?" ಆರನೇ ಸೆಷನ್ನಿನ ಆ ರಾತ್ರಿ ಇದನ್ನು ಕೇಳಿದ್ದರೆ ಮಿಂಚು ಕತ್ತಿ ಕೆಳಗಿಡುತ್ತಿದ್ದಳೇನೋ, ಇಲ್ಲವೇ ಹೆಣ ಬಚ್ಚಿಡುತ್ತಿದ್ದಳೇನೋ. ಯಾವುದೇ ಆಗಿದ್ದರೂ ಕಥೆ ಮುಂದೆ ಸಾಗುತ್ತಿತ್ತು.

ತಿಂಗಳುಗಳಾದ ಮೇಲೆ, ಒಂದು ಪೇಟೆಯಲ್ಲಿ ಮಿಂಚು ಕಳ್ಳತನ ಮಾಡಿ ಸೂರಿನ ಮೇಲೆ ಅಡಗಿದ್ದಳು. ಕಾವಲುಗಾರರು ಧ್ರುವನನ್ನು ಸುತ್ತುವರಿದರು. "ಆ ಹುಡುಗಿ ಎಲ್ಲಿ?" ಅಂತ ನಾನು ಅವರ ದನಿಯಲ್ಲಿ ಕೇಳಿದೆ. ಅವನು ತುಂಬ ಹೊತ್ತು ಯೋಚಿಸಿದ. ಆಮೇಲೆ, "ಸುಳ್ಳು ಹೇಳಲ್ಲ. ಎಲ್ಲಿದ್ದಾಳೆ ಅಂತಾನೂ ಹೇಳಲ್ಲ. ಕತ್ತಿ ಬಿಚ್ಚಿ ಅವರ ಕೈಗೆ ಕೊಟ್ಟು, ಅವಳ ಬದಲು ನನ್ನನ್ನ ಕರ್ಕೊಂಡು ಹೋಗಿ ಅಂತೀನಿ" ಅಂದ.

ನಾನು ಮಿಂಚುವಿನ ಕಡೆ ತಿರುಗಿದೆ. ಅವಳು ಹಾಳೆ ನೋಡಲಿಲ್ಲ.

"ನಾನು ಕೆಳಗೆ ಇಳೀತೀನಿ" ಅಂದಳು.