ಟ್ಯಾಬ್ಲೆಟ್ಟಾ, ಲ್ಯಾಪ್‌ಟಾಪಾ? ಕೊನೆಗೂ ಕೈಹಿಡಿದದ್ದು ಹಳೇ ಆಫೀಸ್ ಲ್ಯಾಪ್‌ಟಾಪ್ ಮತ್ತು ಒಂದು ಪೆನ್ ಸ್ಲೇಟ್

ಮಗಳ ಶಾಲೆ ಕೆಲಸಕ್ಕೆ ಯಾವುದು ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ಮುಗಿದು ಹೆಚ್ಚುಕಡಿಮೆ ಎರಡು ವರ್ಷ ಆಯ್ತು. ಅವಳೀಗ ಒಂಬತ್ತನೇ ಕ್ಲಾಸ್. ಟೈಪ್ ಮಾಡುವುದು, ಪ್ರಾಜೆಕ್ಟ್, ಪೈಥಾನ್ ಪ್ರೋಗ್ರಾಮಿಂಗ್, ಗಣಿತದ ಲೆಕ್ಕ, ವಿಜ್ಞಾನದ ಚಿತ್ರ ಎಲ್ಲವೂ ಒಂದು ಹಳೇ ಆಫೀಸ್ ಲ್ಯಾಪ್‌ಟಾಪ್ ಮೇಲೆ ನಡೆಯುತ್ತಿದೆ. ಅದಕ್ಕೆ ಯುಎಸ್‌ಬಿಯಲ್ಲಿ ಒಂದು ಪೆನ್ ಟ್ಯಾಬ್ಲೆಟ್ ಸಿಕ್ಕಿಸಿದ್ದೇನೆ. ಚಿತ್ರ ಬಿಡಿಸುವವರು ಬಳಸುತ್ತಾರಲ್ಲ, ಪರದೆ ಇಲ್ಲದ್ದು, ಅದು. ಗೊಂದಲ ಬೇಡ ಅಂತ ಇಲ್ಲಿ ಅದನ್ನು ಸ್ಲೇಟ್ ಅಂತಲೇ ಕರೆಯುತ್ತೇನೆ. ಇದನ್ನು ಹೇಳಿದಾಗ ಭಾವ "ಹಳೇದ್ಯಾಕೋ ತಗೋತೀಯ, ಆರು ತಿಂಗಳಿಗೆ ಗುಜರಿಗೆ ಹಾಕ್ತೀಯ ನೋಡು" ಅಂದರು. ಆಫೀಸಿನಲ್ಲೂ ಎಲ್ಲರದ್ದೂ ಅದೇ ರಾಗ. ಈಗ ಅದೇ ಭಾವನ ಮಗನಿಗೂ ನಾನೇ ಒಂದು ಹೊಂದಿಸಿ ಕೊಟ್ಟಿದ್ದೇನೆ.

ಇದಕ್ಕೂ ಮೊದಲು ಎರಡು ಸಲ ದುಡ್ಡು ಹೋಯ್ತು. ಅದನ್ನು ಹೇಳದೆ ಮುಂದೆ ಹೋದರೆ ಪ್ರಯೋಜನ ಇಲ್ಲ.

ಮೊದಲನೆಯದು ಎಲ್ಲರೂ ಮಾಡುವುದೇ: ಹತ್ತಿಂಚಿನ ಟ್ಯಾಬ್ಲೆಟ್, ಅದಕ್ಕೊಂದು ಕೀಬೋರ್ಡ್ ಕವರ್, ಒಂದು ಪೆನ್. ಟ್ಯಾಬ್ಲೆಟ್ ಒಂದೇ ಆದರೆ ಅರ್ಧ ಕೆಜಿ. ಕವರ್ ಹಾಕಿದ ಮೇಲೆ ಒಂದು ಕೆಜಿ ಹತ್ತಿರ ಬರುತ್ತದೆ, ಅಂದರೆ ಹಗುರ ಅನ್ನೋ ವಾದ ಅಲ್ಲಿಗೇ ಅರ್ಧ ಬಿದ್ದುಹೋಯ್ತು. ಮೇಜಿನ ಮೇಲೆ ಸರಿ, ತೊಡೆ ಮೇಲೆ ಇಟ್ಟರೆ ಹಿಂದಕ್ಕೆ ವಾಲುತ್ತಿತ್ತು. ಬ್ಲೂಟೂತ್ ಕೀಬೋರ್ಡ್ ಐದು ನಿಮಿಷ ಸುಮ್ನಿದ್ದರೆ ನಿದ್ದೆಗೆ ಹೋಗುತ್ತಿತ್ತು, ಎಬ್ಬಿಸುವಾಗ ಮೊದಲ ಎರಡು ಮೂರು ಅಕ್ಷರ ನುಂಗುತ್ತಿತ್ತು. ಇದೆಲ್ಲ ಹೇಗೋ ಸಹಿಸಬಹುದು. ನಿಜವಾಗಿ ಕೆಟ್ಟದ್ದು ಬೇರೆ: ಶಾಲೆಯವರು ಕೊಟ್ಟ ವರ್ಡ್ ಫೈಲಿನಲ್ಲಿ ಟೇಬಲ್ ಇದ್ದರೆ ಆ್ಯಪ್‌ನಲ್ಲಿ ಅದು ಚದುರಿಹೋಗುತ್ತಿತ್ತು, ಉತ್ತರ ಅಪ್‌ಲೋಡ್ ಮಾಡುವ ಪುಟ ಮೊಬೈಲ್ ಬ್ರೌಸರ್ ಅಂದುಕೊಂಡು ಅರ್ಧ ಬಟನ್ ಬಚ್ಚಿಡುತ್ತಿತ್ತು, ಡೌನ್‌ಲೋಡ್ ಆದ ಫೈಲ್ ಯಾವ ಫೋಲ್ಡರಿಗೆ ಹೋಯ್ತು ಅಂತ ಹುಡುಕುವುದರಲ್ಲೇ ಅವಳ ಸಂಜೆ ಮುಗಿಯುತ್ತಿತ್ತು. ಪಾಠದ ಪಿಡಿಎಫ್ ಒಂದು ಕಡೆ, ಬರೆಯುವುದು ಒಂದು ಕಡೆ ಅಂತ ಪರದೆ ಸೀಳಿದರೆ ಹತ್ತಿಂಚಿನಲ್ಲಿ ಎರಡೂ ಕಾಣಲ್ಲ.

ಎರಡನೆಯದು ಅದಕ್ಕಿಂತ ಬೇಸರದ್ದು. ಅಗ್ಗದ ಹೊಸ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ, ಅಂದರೆ ಎಸ್‌ಎಸ್‌ಡಿಗಿಂತ ನಿಧಾನದ ಅಗ್ಗದ ಸ್ಟೋರೇಜ್. ಸ್ಟೋರೇಜ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸುವ ಮಾತೇ ಇಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದು ಅಂತ ನಿಂತುಬಿಡುತ್ತದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದು ಮೇಲೆ ವಿಡಿಯೊ ಕ್ಲಾಸ್ ಹಾಕಿದರೆ ಕರ್ಸರ್ ತೆವಳುತ್ತದೆ. "ಹೊಸದು, ವಾರಂಟಿ ಇದೆ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ವಾರಂಟಿ ಕೆಟ್ಟುಹೋದದ್ದಕ್ಕೆ, ನಿಧಾನಕ್ಕಲ್ಲ.

ಆಮೇಲೆ ನಾನು ಸಾಧನ ನೋಡುವುದು ಬಿಟ್ಟು ಮಗಳ ಕೆಲಸ ನೋಡಿದೆ. ಒಂದು ವಾರ ಅವಳು ಶಾಲೆಗೆ ಏನೇನು ವಾಪಸ್ ಕೊಡುತ್ತಾಳೆ ಅಂತ ಚೀಟಿಯಲ್ಲಿ ಬರೆದಿಟ್ಟೆ. ಓದುವುದು, ವಿಡಿಯೊ ನೋಡುವುದು ಲೆಕ್ಕಕ್ಕಿಲ್ಲ, ಅದು ಯಾವುದರ ಮೇಲಾದರೂ ನಡೆಯುತ್ತದೆ. ಕೊಡುವುದು ಮಾತ್ರ. ಸುಮಾರು ಮುಕ್ಕಾಲು ಪಾಲು ಟೈಪ್ ಮಾಡಿದ್ದು ಅಥವಾ ಸ್ಲೈಡು, ಉಳಿದ ಕಾಲು ಪಾಲು ಗಣಿತ, ಕೆಮಿಸ್ಟ್ರಿ ಸಮೀಕರಣ, ಚಿತ್ರ. ಮುಕ್ಕಾಲು ಪಾಲಿಗೆ ಒಳ್ಳೆ ಕೀಬೋರ್ಡ್ ಬೇಕು, ಕಾಲು ಪಾಲಿಗೆ ಪೆನ್ ಬೇಕು. ಎರಡನ್ನೂ ಒಂದೇ ತೆಳ್ಳಗಿನ ಹಲಗೆಯಲ್ಲಿ ಹುಡುಕಿದರೆ ದುಬಾರಿ ಆಗುತ್ತದೆ. ಬೇರೆ ಬೇರೆ ತಗೊಂಡರೆ ಅಗ್ಗ.

ಹಳೇ ಆಫೀಸ್ ಲ್ಯಾಪ್‌ಟಾಪ್ ಆರಿಸುವ ಬಗ್ಗೆ. ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಬದಲಿಸಿ ಲಾಟ್‌ನಲ್ಲಿ ಮಾರುತ್ತವೆ. ಲೆನೊವೊದ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ನಾನು ಇಂಟೆಲ್ ಎಂಟನೇ ತಲೆಮಾರಿನ ಪ್ರೊಸೆಸರ್‌ಗಿಂತ ಕೆಳಗೆ ಹೋಗಲ್ಲ, ಯಾಕೆಂದರೆ ವಿಂಡೋಸ್ 11ರ ಅಧಿಕೃತ ಬೆಂಬಲ ಹೆಚ್ಚುಕಡಿಮೆ ಅಲ್ಲಿಂದಲೇ ಶುರು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೇ ತಲೆಮಾರಿನದ್ದು ತುಂಬ ಅಗ್ಗಕ್ಕೆ ಸಿಗುತ್ತದೆ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಾತ್ರ ಸಾಕು ಅನ್ನುವವರಿಗೆ ಅದು ಲಾಭ. ನಮ್ಮದು ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್. ಒಳಗೊಂದು ಬ್ಯಾಟರಿ, ಹೊರಗೊಂದು ಬ್ಯಾಟರಿ, ಹೊರಗಿನದನ್ನು ಮಷಿನ್ ಆಫ್ ಮಾಡದೆ ಬದಲಿಸಬಹುದು. ಯುಎಸ್‌ಬಿ ಸಿ ಚಾರ್ಜಿಂಗ್ ಇದೆ. ರ‍್ಯಾಮ್‌ಗೆ ಎರಡು ಸ್ಲಾಟ್.

ನೋಡಲು ಹೋದಾಗ ನೇರ ವಿಂಡೋಸ್ ತೆರೆದು ನೋಡುವವರೇ ಜಾಸ್ತಿ. ನಾನು ಮೊದಲು ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟಕ್ಕೆ ಹೋಗುತ್ತೇನೆ. ಅಲ್ಲಿ ಆ ಸೆಟ್ಟಿಂಗ್‌ಗಳಿಗೆ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ಅಲ್ಲೇ ಬಿಟ್ಟು ಎದ್ದು ಬರುವುದು, "ಆಮೇಲೆ ತೆಗೆದುಕೊಡ್ತೀವಿ" ಅನ್ನೋ ಮಾತು ನಂಬಬೇಡಿ. ಇನ್ನೊಂದು ಬಲೆ ಇದೆ: ಹಳೇ ಕಂಪನಿ ಮಷಿನ್‌ಗಳನ್ನು ತನ್ನ ಹೆಸರಿನಲ್ಲಿ ಆನ್‌ಲೈನ್ ನೋಂದಣಿ ಮಾಡಿಟ್ಟಿರುತ್ತದೆ, ಅದನ್ನು ಬಿಡಿಸದೇ ಮಾರಿರುತ್ತಾರೆ. ನೀವು ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದ ತಕ್ಷಣ ಆ ಕಂಪನಿಯ ಇಮೇಲ್ ಕೇಳುತ್ತದೆ. ಆದ್ದರಿಂದ ಅವರ ಎದುರೇ ರೀಸೆಟ್ ಮಾಡಿಸಿ, ವೈಫೈ ಜೋಡಿಸಿ ನೋಡುವುದು. ಆಮೇಲೆ ಪರದೆ. ಆಫೀಸ್ ಮಾಡೆಲ್‌ಗಳಲ್ಲಿ 1366×768 ಪರದೆ ಬಹಳ ಬರುತ್ತವೆ, ಬೆಲೆ ಕಡಿಮೆ ಅಂತ ತಗೊಂಡರೆ ಟ್ಯಾಬ್ಲೆಟ್‌ನಲ್ಲಿ ಪಟ್ಟ ಕಷ್ಟವೇ ಮತ್ತೆ. 1920×1080 ಇರಲೇಬೇಕು. ಕೊನೆಗೆ ಒಂದು ಮೂಲೆ ಹಿಡಿದು ಎತ್ತಿ, ಟಚ್‌ಪ್ಯಾಡ್ ತಾನೇ ಕ್ಲಿಕ್ ಆದರೆ ಒಳಗಿನ ಬ್ಯಾಟರಿ ಉಬ್ಬಿದೆಯಾ ಅಂತ ಅನುಮಾನ ಪಡಬೇಕು.

ನಾನು ಲಾಟ್ ಬರುವ ಸಮಯ ಹೇಗೆ ಗೊತ್ತುಮಾಡಿಕೊಳ್ಳುತ್ತೇನೆ, ಚೌಕಾಸಿಯಲ್ಲಿ ಯಾವ ಒಂದು ಬಿಡಿಭಾಗ ತೋರಿಸಿ ಬೆಲೆ ಇಳಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಸಲ ನನಗೇ ಸಿಗಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂದು ಸಾಧಾರಣ ಒಳ್ಳೆಯ ಹೊಸ ಲ್ಯಾಪ್‌ಟಾಪ್‌ಗೆ ನೂರು ಅಂತ ಇಟ್ಟುಕೊಳ್ಳಿ. ನಮ್ಮ ಟ್ಯಾಬ್ಲೆಟ್‌ಗೆ 50 ಬಿತ್ತು, ಕೀಬೋರ್ಡ್ ಕವರ್ 18ರ ಹತ್ತಿರ, ಪೆನ್ 12. ಅಲ್ಲಿಗೆ 80. ಪೆನ್ನಿನ ತುದಿ, ಗಾಜು, ಕವರ್ ಹರಿದು ಮತ್ತೊಂದು ಅಂತ ಸೇರಿಸಿದರೆ ಹೆಚ್ಚುಕಡಿಮೆ ನೂರೇ ಆಯ್ತು. ಹಳೇ ಲ್ಯಾಪ್‌ಟಾಪ್‌ಗೆ 35, ಎಸ್‌ಎಸ್‌ಡಿ ಮತ್ತು ರ‍್ಯಾಮ್ ಏರಿಸಿದ್ದಕ್ಕೆ 12, ಬ್ಯಾಟರಿಗೆ 8, ಸ್ಲೇಟ್‌ಗೆ 8. ಒಟ್ಟು 63. ಈಗ 16 ಜಿಬಿ ರ‍್ಯಾಮ್ ಇದೆ, 512 ಜಿಬಿ ಎಸ್‌ಎಸ್‌ಡಿ ಇದೆ. ಅದೇ ದುಡ್ಡಿಗೆ ಇಂಥ ಹೊಸದು ಯಾರಾದರೂ ತೋರಿಸಲಿ.

ಬ್ಯಾಟರಿ ಕಥೆ ಸ್ವಲ್ಪ ಉದ್ದ. ಮಾರುವವರು "ಬ್ಯಾಕಪ್ ಚೆನ್ನಾಗಿದೆ" ಅನ್ನುತ್ತಾರೆ, ನೀವು ಬ್ಯಾಟರಿ ರಿಪೋರ್ಟ್ ತೆಗೆಯಿರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಅಂತ ಕೊಟ್ಟರೆ ಸಿಗುತ್ತದೆ. ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜ್ ಎಷ್ಟು, ಎರಡೂ ಪಕ್ಕಪಕ್ಕದಲ್ಲೇ ಇರುತ್ತದೆ. ನಮ್ಮದರ ಒಳಗಿನ 24 ವ್ಯಾಟ್ ಅವರ್ ಬ್ಯಾಟರಿಯಲ್ಲಿ 17ರ ಸುಮಾರು ಉಳಿದಿತ್ತು, ಪರವಾಗಿಲ್ಲ. ಹೊರಗಿನದು ಅರ್ಧಕ್ಕಿಂತ ಕೆಳಗೆ. ಅದರ ಬದಲಿಗೆ ತರಿಸಿದ ಅಗ್ಗದ ಬ್ಯಾಟರಿ ತಿಂಗಳೊಳಗೆ 40 ಪರ್ಸೆಂಟ್ ಅಂತ ತೋರಿಸುತ್ತಲೇ ಆರಿಹೋಗುತ್ತಿತ್ತು. ಮಾರಿದವರು ವಾಪಸ್ ತಗೊಳ್ಳಲಿಲ್ಲ, ಆ ದುಡ್ಡು ನೀರಿಗೆ ಹಾಕಿದ ಹಾಗೆ. ಆಮೇಲೆ ಅಸಲಿ ಬ್ಯಾಟರಿಯೇ ಹಾಕಿಸಿದೆ, ಮೇಲೆ ಹೇಳಿದ 8 ಅದರದ್ದು. ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಮಿತಿ ಹಾಕಿದ್ದೇನೆ, ಮೇಜಿನ ಮೇಲಿದ್ದಾಗ ಸದಾ ಪ್ಲಗ್‌ನಲ್ಲೇ ಇರುತ್ತದಲ್ವಾ, ಲಿಥಿಯಂ ಬ್ಯಾಟರಿ ನೂರರಲ್ಲಿ ತುಂಬಿಕೊಂಡೇ ಕೂತರೆ ಬೇಗ ಸೊರಗುತ್ತದೆ. ಈಗಲೂ ಐದಾರು ಗಂಟೆ ಆರಾಮಾಗಿ ಬರುತ್ತದೆ.

ಈಗ ಸ್ಲೇಟ್. ಜನ ಜಾಸ್ತಿ ನಂಬದೇ ಇದ್ದದ್ದು ಇದನ್ನೇ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ, ಹೀಗೆ ಬರೆಯಲು ಮಗುವಿಗೆ ಆಗುತ್ತಾ ಅಂತ. ಮೊದಲ ವಾರ ನಿಜವಾಗಲೂ ಆಗಲಿಲ್ಲ. ಸಾಲು ಮೇಲಕ್ಕೆ ಏರುತ್ತಿತ್ತು, ಎಕ್ಸ್ ಸ್ಕ್ವೇರ್ ಬರೆದರೆ ಆ ಎರಡು ಪಕ್ಕದ ಸಾಲಿಗೆ ಹೋಗಿ ಕೂರುತ್ತಿತ್ತು, ವೃತ್ತ ಬಿಡಿಸಿದರೆ ಮೊಟ್ಟೆ ಆಗುತ್ತಿತ್ತು. ವೃತ್ತ ಮೊಟ್ಟೆ ಆಗುವುದಕ್ಕೆ ಕಾರಣ ಮಗಳ ಕೈ ಅಲ್ಲ. ಸ್ಲೇಟಿನ ಉದ್ದಗಲದ ಅನುಪಾತ ಪರದೆಯ ಅನುಪಾತಕ್ಕೆ ಹೊಂದಿರಲಿಲ್ಲ. ಡ್ರೈವರ್‌ನಲ್ಲಿ ಅನುಪಾತ ಉಳಿಸುವ ಆಯ್ಕೆ ಹಾಕಿದ ತಕ್ಷಣ ದುಂಡಗಾಯ್ತು. ನುಣುಪಾದ ಪ್ಲಾಸ್ಟಿಕ್ ಮೇಲೆ ಪೆನ್ ಜಾರುವುದಕ್ಕೆ ನಾನು ಕಂಡುಕೊಂಡ ಉಪಾಯ: ಒಂದು ರೂಲ್ಡ್ ಹಾಳೆಯನ್ನು ಸ್ಲೇಟ್ ಅಳತೆಗೆ ಕತ್ತರಿಸಿ ಮೇಲೆ ಟೇಪ್ ಹಾಕಿ ಅಂಟಿಸಿದೆ. ಇಂಥ ಸ್ಲೇಟ್ ಪೆನ್ನನ್ನು ಒಂದು ಸೆಂಟಿಮೀಟರ್ ಎತ್ತರದಿಂದಲೂ ಗುರುತಿಸುತ್ತದೆ, ಹಾಳೆ ಅಡ್ಡ ಬರುವುದೇ ಇಲ್ಲ. ಕಾಗದದ ಹಿಡಿತ ಸಿಕ್ಕಿದ ದಿನದಿಂದ ಅಕ್ಷರ ನೆಟ್ಟಗಾಯ್ತು. ತುದಿ ಬೇಗ ಸವೆಯುತ್ತದೆ, ನಿಜ. ಬಾಕ್ಸ್‌ನಲ್ಲೇ ಐದಾರು ಹೆಚ್ಚುವರಿ ತುದಿ ಕೊಟ್ಟಿರುತ್ತಾರೆ, ನಮಗಿನ್ನೂ ಮುಗಿದಿಲ್ಲ. ಬರೆಯಲು ಜೂರ್ನಲ್ ಪ್ಲಸ್ ಪ್ಲಸ್ (Xournal++) ಅನ್ನೋ ತಂತ್ರಾಂಶ ಬಳಸುತ್ತಾಳೆ. ಉಚಿತ, ವರ್ಕ್‌ಶೀಟ್ ಪಿಡಿಎಫ್ ಮೇಲೆಯೇ ಬರೆದು ಅದನ್ನೇ ಪಿಡಿಎಫ್ ಆಗಿ ಕೊಡಬಹುದು. ಈ ಪೆನ್‌ಗೆ ಬ್ಯಾಟರಿಯೂ ಇಲ್ಲ, ಚಾರ್ಜೂ ಇಲ್ಲ. ಟ್ಯಾಬ್ಲೆಟ್‌ನ ಪೆನ್ ಪರೀಕ್ಷೆಯ ಹಿಂದಿನ ಸಂಜೆ ಸತ್ತದ್ದು ಮಗಳಿಗೆ ಇನ್ನೂ ನೆನಪಿದೆ.

ಸಿಸ್ಟಮ್ ಲಿನಕ್ಸ್ ಮಿಂಟ್, ಪಕ್ಕದಲ್ಲಿ ವಿಂಡೋಸ್ 11. ಪೂರ್ತಿ ಲಿನಕ್ಸ್ ಮಾಡುವ ಆಸೆ ಇತ್ತು. ಆದರೆ ಶಾಲೆಯವರು ಪರೀಕ್ಷೆಗೆ ಸೇಫ್ ಎಕ್ಸಾಮ್ ಬ್ರೌಸರ್ (ಪರೀಕ್ಷೆ ಮುಗಿಯುವವರೆಗೆ ಬೇರೆ ಏನೂ ತೆರೆಯಲು ಬಿಡದ ಬ್ರೌಸರ್) ಬೇಕು ಅಂದರು, ಅದು ವಿಂಡೋಸ್, ಮ್ಯಾಕ್ ಮತ್ತು ಐಪ್ಯಾಡ್‌ಗೆ ಮಾತ್ರ ಇದೆ, ಲಿನಕ್ಸ್‌ಗೂ ಇಲ್ಲ, ಆಂಡ್ರಾಯ್ಡ್‌ಗೂ ಇಲ್ಲ. ಟ್ಯಾಬ್ಲೆಟ್ ತಗೊಳ್ಳುವವರು ದುಡ್ಡು ಕೊಡುವ ಮೊದಲು ಶಾಲೆಯಲ್ಲಿ ಇದೊಂದು ಪ್ರಶ್ನೆ ಕೇಳಲೇಬೇಕು: ಪರೀಕ್ಷೆ ಯಾವುದರ ಮೇಲೆ ನಡೆಸುತ್ತೀರಿ? ಎಷ್ಟೋ ಮನೆಗಳಲ್ಲಿ ಇದು ತಡವಾಗಿ ಗೊತ್ತಾಗಿ ಎರಡು ಸಲ ಖರ್ಚು ಆಗಿದೆ.

ಈ ಮಧ್ಯೆ ಒಂದು ಶನಿವಾರ ಕ್ರೋಮ್‌ಓಎಸ್ ಫ್ಲೆಕ್ಸ್ (ಹಳೇ ಕಂಪ್ಯೂಟರ್‌ಗಳಿಗೆ ಹಾಕಬಹುದಾದ ಗೂಗಲ್‌ನ ಸಿಸ್ಟಮ್) ಕೂಡ ಹಾಕಿ ನೋಡಿದೆ. ಬೇರೆ ಒಂದು ಹಳೇ 4 ಜಿಬಿ ಮಷಿನ್ ಮೇಲೆ. ಪಟ್ ಅಂತ ಬೂಟ್ ಆಯ್ತು, ಬ್ರೌಸರ್ ಓಟ ಚೆನ್ನಾಗಿತ್ತು, ಆಂಡ್ರಾಯ್ಡ್ ಆ್ಯಪ್ ಮಾತ್ರ ನಡೆಯಲ್ಲ. ಬರೀ ಗೂಗಲ್ ಕ್ಲಾಸ್‌ರೂಮ್, ಡಾಕ್ಸ್ ಸಾಕು ಅನ್ನುವ ಮಕ್ಕಳಿಗೆ ಹಳೇ ಲ್ಯಾಪ್‌ಟಾಪ್ ಉಳಿಸಲು ಇದು ಸೊಗಸಾದ ದಾರಿ. ಟ್ಯಾಬ್ಲೆಟ್ಟನ್ನು ಸ್ಪೇಸ್‌ಡೆಸ್ಕ್ ಅನ್ನೋ ಆ್ಯಪ್ ಹಾಕಿ ವಿಂಡೋಸ್‌ಗೆ ಎರಡನೇ ಪರದೆ ಮಾಡಿದ್ದೂ ಆಯ್ತು. ವೈಫೈ ಮೇಲೆ ಸ್ವಲ್ಪ ತಡ ಮಾಡುತ್ತದೆ, ವಿಡಿಯೊಗೆ ಬೇಡ, ಪಾಠದ ಪುಟ ತೆರೆದಿಡಲು ಸಾಕು. ಫೋನ್‌ಗೆ ಮಾನಿಟರ್ ಸಿಕ್ಕಿಸಿ ಅದನ್ನೇ ಕಂಪ್ಯೂಟರ್ ಮಾಡುವ ಪ್ರಯೋಗ ಅರ್ಧಕ್ಕೆ ನಿಂತಿದೆ.

ಟ್ಯಾಬ್ಲೆಟ್ ಬಿಸಾಕಿಲ್ಲ, ಅದಕ್ಕೆ ಸರಿಯಾದ ಮಾಲೀಕ ಸಿಕ್ಕಿದ್ದಾನೆ. ಮಗ ಮೂರನೇ ಕ್ಲಾಸ್. ಅವನು ಶಾಲೆಗೆ ಕೊಡುವುದೆಲ್ಲ ಚಿತ್ರ, ಓದಿ ರೆಕಾರ್ಡ್ ಮಾಡಿದ್ದು, ನೋಟ್‌ಬುಕ್‌ನ ಫೋಟೊ. ಅದಕ್ಕೆ ಟ್ಯಾಬ್ಲೆಟ್ ಕ್ಯಾಮೆರಾದಷ್ಟು ಸುಲಭ ಇನ್ನೊಂದಿಲ್ಲ, ಲ್ಯಾಪ್‌ಟಾಪ್ ಎತ್ತಿ ಹಿಡಿದು ನೋಟ್‌ಬುಕ್ ಫೋಟೊ ತೆಗೆಯಲು ಹೋದರೆ ಗೊತ್ತಾಗುತ್ತದೆ. ಪುಟ್ಟ ಮಕ್ಕಳ ಕೋಡಿಂಗ್ ಆ್ಯಪ್ ಸ್ಕ್ರ್ಯಾಚ್ ಜೂನಿಯರ್ ಬೆರಳಲ್ಲೇ ಆಡುತ್ತಾನೆ. ಪುಟ್ಟ ಕೈಗೆ ಕೀಬೋರ್ಡ್ ಸುಮ್ನೆ ಭಾರ. ಕಥೆ ಪುಸ್ತಕ ಓದಲು ಮಗಳೂ ಅದನ್ನೇ ಕಿತ್ತುಕೊಳ್ಳುತ್ತಾಳೆ. ನನ್ನ ಲೆಕ್ಕದಲ್ಲಿ ಐದನೇ ಕ್ಲಾಸ್‌ವರೆಗೆ ಟ್ಯಾಬ್ಲೆಟ್ ಧಾರಾಳ ಸಾಕು. ಎರಡು ಪುಟ ಟೈಪ್ ಮಾಡಿ ಕೊಡಿ ಅಂತ ಶಾಲೆ ಕೇಳಲು ಶುರುಮಾಡಿದ ವರ್ಷ ಲ್ಯಾಪ್‌ಟಾಪ್ ತರಬೇಕು, ಅದಕ್ಕಿಂತ ಒಂದು ವರ್ಷ ಮುಂಚೆಯೂ ಬೇಡ.

ಮಗನಿಗೂ ಅಷ್ಟೊತ್ತಿಗೆ ಇದೇ ಮಾಡೆಲ್ ತರುತ್ತೇನೆ. ಅದಕ್ಕೆ ಕಾರಣ ಇದೆ: ಭಾವನ ಮಗನದ್ದೂ ಟಿ480, ಚಾರ್ಜರ್ ಅದಲುಬದಲಾಗುತ್ತದೆ, ಹೊರಗಿನ ಬ್ಯಾಟರಿ ಅದಲುಬದಲಾಗುತ್ತದೆ, ಹೋದ ತಿಂಗಳು ಮಗಳದ್ದರಲ್ಲಿ ಕೀ ಒಂದು ಕಿತ್ತುಬಂದಾಗ ಬಿಡಿಭಾಗಕ್ಕೆ ಅಂತಲೇ ತಂದಿಟ್ಟಿದ್ದ, ಬೋರ್ಡ್ ಸತ್ತ ಒಂದು ಟಿ480ನಿಂದ ಕೀಬೋರ್ಡ್ ಬಿಚ್ಚಿ ಹಾಕಿದೆ. ಅರ್ಧ ಗಂಟೆ ಕೆಲಸ. ಆ ಸತ್ತ ಮಷಿನ್‌ನಲ್ಲಿ ಪರದೆ, ಫ್ಯಾನ್, ಹಿಂಜ್ ಇನ್ನೂ ಚೆನ್ನಾಗಿವೆ.