ಕಟ್ಟೆ ಮೇಲಿನ ಮೋಟಾರು ಎಬ್ಬಿಸಿದ್ದು ಡೇರಿ ಬೋರ್ಡು

2018ರಲ್ಲಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆಯನ್ನ ಶುದ್ಧಮಾಡಿ ಬಿಡೋ ನೀರು, ಬರೋಕೆ ಶುರುವಾಯ್ತಲ್ಲ, ನಮ್ಮೂರ ಸರದಿ ಸ್ವಲ್ಪ ತಡವಾಗಿ ಬಂತು. ಅದು ನೆಲಕ್ಕಿಂಗಿ ಬೋರಿಗೆ ನೀರಾಗೋಕೆ ಮಾತ್ರ, ಮೋಟಾರಿಟ್ಟು ಎತ್ತೋ ಹಾಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕತ್ತಲಾದರೆ ಕಟ್ಟೆ ಮೇಲೆ 11–12 ಮೋಟಾರು ಕೂರ್ತಿದ್ದವು.

ಮೊದಲು ಸಭೆ ಕರೆದೆ. ಕಾಫಿ, ವಡೆ, ಶಾಮಿಯಾನ ಅಂತ ಕೈಯಿಂದ ನಾಲ್ಕು ಸಾವಿರ ಹೋಯ್ತು. ಎಲ್ಲರೂ ತಲೆಯಾಡಿಸಿದರು, ಆವತ್ತು ರಾತ್ರಿ ಒಂದು ಮೋಟಾರು ಜಾಸ್ತಿಯೇ ಆಯ್ತು. ಆಮೇಲೆ 500 ರೂಪಾಯಿ ದಂಡ ಇಟ್ಟೆವು. ದೊಡ್ಡ ತಪ್ಪು ಅದೇ. ಟೊಮೇಟೊ ರೇಟು ಏರಿದ್ದ ಕಾಲ. ಒಬ್ಬ ಮನೆಗೇ ಬಂದು, "ತಗೋ ಅಣ್ಣಾ, ಈ ತಿಂಗಳದ್ದು. ಮುಂದಿನ ತಿಂಗಳದ್ದೂ ಈಗ್ಲೇ ಇಟ್ಕೊಂಬಿಡು" ಅಂದ. ಅಲ್ಲಿವರೆಗೆ ಕಳ್ಳನ ಹಾಗೆ ಪೈಪು ಎಳೀತಿದ್ದವನು ಈಗ ಬಾಡಿಗೆ ಕಟ್ಟಿದವನ ಠೀವಿಯಲ್ಲಿ ಎಳೆದ. ಮೋಟಾರಿಟ್ಟವರ ಹೆಸರು ಬೋರ್ಡಲ್ಲಿ ಬರೆದು ಹಾಕಿದ್ದೂ ಆಯ್ತು. ಅದು ಎಲೆಕ್ಷನ್ ಜಗಳಕ್ಕೆ ತಿರುಗಿ ಬೋರ್ಡಿಗೆ ಸಗಣಿ ಬಿತ್ತು.

ಕೊನೆಗೆ ಬೋರ್ಡನ್ನ ಹಾಲಿನ ಡೇರಿ ಗೋಡೆಗೆ ಹಾಕಿದೆ. ದಿನಾ ಬೆಳಿಗ್ಗೆ ಮೂರೇ ಸಾಲು: ತೂಬಿನ ಕಂಬದಲ್ಲಿ ನೀರು ಎಷ್ಟಡಿ, ಕೆರೆ ಕೆಳಗಿನ ಮೂರು ಬೋರಲ್ಲಿ ನೀರು ಎಷ್ಟಿಂಚು, ರಾತ್ರಿ ಎಷ್ಟು ಮೋಟಾರು. ಹೆಸರಿಲ್ಲ. ಹೆಸರು ತುಂಬೋ ಕೆಲಸ ಕ್ಯಾನು ಹಿಡಿದು ನಿಂತ ಹೆಂಗಸರು ಮಾಡಿದರು. ಬರೆಯೋನು ನಮ್ಮ ನೀರಗಂಟಿ, ಕೆರೆ ತೂಬು ನೋಡ್ಕೊಳ್ಳೋನು. ಅವನಿಗೆ ಅಚ್ಚುಕಟ್ಟಲ್ಲಿ ಒಂದು ಗುಂಟೆಯೂ ಇಲ್ಲ, ಹಾಗಾಗಿ ಅವನ ಲೆಕ್ಕಕ್ಕೆ ಯಾರೂ ಎದುರಾಡಲಿಲ್ಲ. ನಾನು ಬರೆದಿದ್ದರೆ ಎರಡೇ ದಿನಕ್ಕೆ ಅಳಿಸ್ತಿದ್ದರು. ಮೊದಲ ಮೋಟಾರು ಯಾರ ಕೈಲಿ ತೆಗೆಸಿದೆ, ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಖರ್ಚು? ಬೋರ್ಡಿಗೆ 900, ಬಣ್ಣಕ್ಕೆ 200ರ ಹತ್ತಿರ, ನೀರಗಂಟಿಗೆ ಸುಗ್ಗಿಯಲ್ಲಿ ಮನೆಗೊಂದು ಮೊರ ರಾಗಿ. "ಬೋರ್ಡು ನೋಡಿ ಯಾವನಯ್ಯಾ ಮೋಟಾರು ಎತ್ತಾನೆ" ಅಂತ ನಕ್ಕವರೇ ಈಗ ಪಕ್ಕದೂರಿನವರನ್ನ ಕರ್ಕೊಂಡು ಬಂದು ತೋರಿಸ್ತಾರೆ.

ನಡುವೆ ಕೆರೆ ಹೂಳಿನದೊಂದು ಪ್ರಯೋಗ. ಬಿಟ್ಟಿ ಒಯ್ಯಿರಿ ಅಂದಾಗ ಯಾರೂ ಬರಲಿಲ್ಲ. ಟ್ರ್ಯಾಕ್ಟರಿಗೆ 50 ರೂಪಾಯಿ, ಮನೆಗೆ ಹತ್ತೇ ಲೋಡು ಅಂದಿದ್ದೇ ತಡ, ಬೆಳಗಿನ ಜಾವ ಐದಕ್ಕೇ ಸಾಲು.

ನಾಲ್ಕೈದು ತಿಂಗಳಲ್ಲಿ ಮೋಟಾರು 12ರಿಂದ 1ಕ್ಕೆ ಇಳೀತು. ಬೋರ್ಡಲ್ಲಿ ಆ ಒಂದು ಇನ್ನೂ ಹಾಗೇ ಇದೆ. ಅದು ನನ್ನ ಷಡ್ಡಕನದು. ಡೇರಿಗೆ ಹೋಗೋಕೆ ಈಗ ನನಗೇ ಮುಜುಗರ, ಹಾಲು ಮಗನ ಕೈಲಿ ಕಳಿಸ್ತೀನಿ.